ಡಿವಿಜಿ ಎಂಬ ಅಪ್ಪ

ನಮ್ಮ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಹೆಂಗಸೊಬ್ಬಳು ತೀರಿಕೊಂಡರೆ, ತಿಥಿ ಮುಗಿಯುವ ಮೊದಲೇ ಹಿರಿಯರ ಮಾತು ಶುರುವಾಗುತ್ತದೆ. ಅವನಿಗಲ್ಲದಿದ್ದರೂ ಮಕ್ಕಳಿಗಾದರೂ ಇನ್ನೊಬ್ಬಳು ಬೇಕಲ್ಲ ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡವಳಿಗೆ ಸಿಗುವ ಸಮಾಧಾನವೇ ಬೇರೆ. ಮಕ್ಕಳ ಮುಖ ನೋಡಿಕೊಂಡು ದಿನ ದೂಡು ಎನ್ನುತ್ತಾರೆ. ಅವಳು ಒಬ್ಬಳೇ ಸಾಕಬಲ್ಲಳು, ಅವನು ಸಾಕಲಾರ ಎಂಬುದು ನಾವೆಲ್ಲ ಒಪ್ಪಿಕೊಂಡುಬಿಟ್ಟಿರುವ ಲೆಕ್ಕ.

ನೂರು ವರ್ಷಗಳ ಹಿಂದೆಯೇ ಈ ಲೆಕ್ಕದಂತೆ ನಡೆಯದ ಅಪ್ಪನೊಬ್ಬರು ಬೆಂಗಳೂರಿನಲ್ಲಿದ್ದರು. ಅವರು ಬೇರೆ ಯಾರೂ ಅಲ್ಲ, ಡಿ.ವಿ. ಗುಂಡಪ್ಪ. ‘ಮಂಕುತಿಮ್ಮನ ಕಗ್ಗ’ವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ನಮ್ಮಲ್ಲಿ ಎಷ್ಟೋ ಜನಕ್ಕೆ ಡಿವಿಜಿ ಎಂಬ ಅಪ್ಪ ಗೊತ್ತಿಲ್ಲ.

1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ ಕೂಡ ಪಾಸಾಗಲಿಲ್ಲ. ಹೊಟ್ಟೆಪಾಡಿಗೆ ಸೋಡಾ ಫ್ಯಾಕ್ಟರಿಯಲ್ಲೂ ದುಡಿದರು. ಬೆಂಗಳೂರಿಗೆ ಬಂದು ಪತ್ರಕರ್ತರಾದರು, ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. ಹೆಸರು ಬಂತು, ಹಣ ಬರಲಿಲ್ಲ. ಆ ಬಡತನವನ್ನು ಮನೆಯೊಳಗೆ ಹೊತ್ತವರು ಹೆಂಡತಿ ಭಾಗೀರಥಮ್ಮ. ನೆಂಟರ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳಿಸಿ ತಾವು ಮನೆಯಲ್ಲೇ ಉಳಿದರಂತೆ. ಇದ್ದ ಸೀರೆ ಹರಿದಿತ್ತು, ಅದನ್ನುಟ್ಟು ಹೋದರೆ ಗಂಡನ ಮರ್ಯಾದೆಗೆ ಕುಂದು ಎಂಬುದು ಅವರ ಯೋಚನೆ. ಡಿವಿಜಿಯವರ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಈ ಪ್ರಸಂಗವನ್ನು ಹೇಳುವುದುಂಟು. ಆ ಪ್ರಾಮಾಣಿಕತೆಯ ಬೆಲೆ ತೆತ್ತವರು ಯಾರು ಎಂಬುದೂ ಇದರಲ್ಲೇ ಇದೆ.

1924ರಲ್ಲಿ ಭಾಗೀರಥಮ್ಮ ತೀರಿಕೊಂಡರು. ಡಿವಿಜಿಗೆ ಆಗ 37 ವರ್ಷ. ಮಗ ಸ್ವಾಮಿ ಇನ್ನೂ ಹತ್ತು ದಾಟದ ಹುಡುಗ. ಆ ಕಾಲದಲ್ಲಿ 37ರ ಗಂಡಸಿಗೆ ಹೆಣ್ಣು ಸಿಗುವುದು ಕಷ್ಟವಿರಲಿಲ್ಲ. ಆದರೆ ಅವರು ಮತ್ತೆ ಮದುವೆಯಾಗಲಿಲ್ಲ. 1975ರ ಅಕ್ಟೋಬರ್ 7ರಂದು ಕೊನೆಯುಸಿರೆಳೆಯುವವರೆಗೆ, ಅಂದರೆ 51 ವರ್ಷ, ಹಾಗೆಯೇ ಉಳಿದರು. ಮಕ್ಕಳ ಹೊಣೆಯನ್ನು ಹೊಸದಾಗಿ ಬಂದ ಇನ್ನೊಬ್ಬ ಹೆಣ್ಣಿನ ತಲೆಗೆ ಕಟ್ಟಲಿಲ್ಲ.

ಇದರಿಂದ ಅವರ ಕೆಲಸ ನಿಂತಿತೇ? ಇಲ್ಲ. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1943ರಲ್ಲಿ ‘ಕಗ್ಗ’ ಬಂತು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿತು. ಮಗ ಬಿ.ಜಿ.ಎಲ್. ಸ್ವಾಮಿ ದೊಡ್ಡ ಸಸ್ಯವಿಜ್ಞಾನಿಯಾದರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಾದರು. ಗಿಡಮರಗಳ ಬಗ್ಗೆ ನಗಿಸುತ್ತಾ ಹೇಳುವ ‘ಹಸುರು ಹೊನ್ನು’ ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1967ರಲ್ಲಿ ಅಪ್ಪನಿಗೆ, 1978ರಲ್ಲಿ ಮಗನಿಗೆ ಬಂತು. ಪ್ರಶಸ್ತಿಗಳನ್ನು ಬದಿಗಿಟ್ಟು ನೋಡಿದರೂ ಒಂದು ಮಾತು ಉಳಿಯುತ್ತದೆ. ಮಕ್ಕಳನ್ನು ಬೆಳೆಸುವುದು ಹೆಣ್ಣಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಗಂಡಸೂ ಕಲಿಯಬಹುದು.

ಹಾಗಾದರೆ ಅದನ್ನು ಕಲಿಯಲು ಹೆಂಡತಿ ಸಾಯುವವರೆಗೆ ಯಾಕೆ ಕಾಯಬೇಕು? ನಮ್ಮ ಕಡೆ ಗದ್ದೆ ಕೆಲಸಕ್ಕೆ, ಜೋಳದ ಹೊಲಕ್ಕೆ ಅಪ್ಪ-ಅಮ್ಮ ಇಬ್ಬರೂ ಹೋಗುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಮಗುವಿಗೆ ಸ್ನಾನ ಮಾಡಿಸಿ ಉಣಿಸಬೇಕಾದವಳು ಅಮ್ಮ. ಆಸ್ಪತ್ರೆಯಲ್ಲಿ ಕೊಡುವ ಕಾರ್ಡಿನ ಹೆಸರೇ ತಾಯಿ ಕಾರ್ಡ್. ಮಗುವಿಗೆ ಚುಚ್ಚುಮದ್ದು ಯಾವಾಗ ಎಂದು ಕೇಳಿದರೆ ಎಷ್ಟು ಅಪ್ಪಂದಿರು ಹೇಳಿಯಾರು?

ಸರ್ಕಾರದ ನಿಯಮವೂ ಇದೇ ಲೆಕ್ಕದಲ್ಲಿದೆ. ಕೇಂದ್ರ ಸರ್ಕಾರಿ ನೌಕರಿಯಲ್ಲಿ ಮಗು ಹುಟ್ಟಿದಾಗ ಅಪ್ಪನಿಗೆ 15 ದಿನ ರಜೆ. ಮಕ್ಕಳ ಪಾಲನೆಗೆಂದು ಮಹಿಳೆಯರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳವರೆಗೆ ರಜೆ ಇದೆ. ಅದು ಗಂಡಸರಿಗೂ ಸಿಗುತ್ತದೆ, ಆದರೆ ವಿಧುರನೋ ವಿಚ್ಛೇದಿತನೋ ಆಗಿ ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದರೆ ಮಾತ್ರ. ಡಿವಿಜಿಯಂಥವರಿಗೆ ಉಂಟು, ಹೆಂಡತಿ ಜೊತೆಯಲ್ಲಿರುವ ಅಪ್ಪನಿಗೆ ಇಲ್ಲ!

ಗೆಳೆಯರೇ, ನಾನು ಬಿಇ ಓದುತ್ತಿದ್ದೇನೆ. ನಿಮ್ಮಲ್ಲೂ ಹಲವರು ಪ್ಲೇಸ್‌ಮೆಂಟ್‌ಗೋ, ಸ್ಪರ್ಧಾತ್ಮಕ ಪರೀಕ್ಷೆಗೋ ತಯಾರಾಗುತ್ತಿದ್ದೀರಿ. ಕೆಲಸ, ಮದುವೆ, ಮಗು ಎಲ್ಲವೂ ನಮ್ಮ ಮುಂದಿವೆ. ನಾಳೆ ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಸಾಲನ್ನು ಓದಿದಷ್ಟೇ ಗಮನದಿಂದ ಅಪ್ಪಂದಿರ ರಜೆ ಎಷ್ಟು ದಿನ ಎಂಬ ಸಾಲನ್ನೂ ಹುಡುಕೋಣ. ಅದು ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳೋಣ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಕೇಳಬೇಕು.