ಡೇಟಾ ಸಾಕಾ, ಸಾಲದಾ? ಮುದ್ದೇನಹಳ್ಳಿಯ ಎಂಜಿನಿಯರ್ ಕಥೆ

ಸೆಪ್ಟೆಂಬರ್ 15 ಬಂದ್ರೆ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ, ಕೆಆರ್‌ಎಸ್ ಬಗ್ಗೆ ಎರಡು ಮಾತು, ಅಲ್ಲಿಗೆ ಮುಗೀತು. ಆದ್ರೆ ಪ್ಲೇಸ್‌ಮೆಂಟ್ ಟೆಸ್ಟಿನಲ್ಲಿ ನಮ್ಮನ್ನ ಕಾಡೋ ಡೇಟಾ ಸಫಿಶಿಯೆನ್ಸಿ ಪ್ರಶ್ನೆಗಳಿಗೂ ಅವರ ಬದುಕಿಗೂ ಹತ್ತಿರದ ನಂಟಿದೆ. ಆ ಪ್ರಶ್ನೆಗಳಲ್ಲಿ ಉತ್ತರ ಎಷ್ಟು ಅಂತ ಕೇಳಲ್ಲ. ಕೊಟ್ಟಿರೋ ಮಾಹಿತಿ ಉತ್ತರಕ್ಕೆ ಸಾಕಾ ಅಂತ ಕೇಳ್ತಾರೆ.

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಸ್ನೇಹಿತರಿಗೆ ಆ ಸೀಮೆ ಹೇಗೆ ಅಂತ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯೋ ಹೊಳೆ ಇಲ್ಲ. ಮಳೆ ಬಂದ್ರೆ ಕೆರೆ, ಕೆರೆ ತುಂಬಿದ್ರೆ ಬೆಳೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಆಯ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಖರ್ಚಿಗೆ ಮನೆಪಾಠ ಹೇಳಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿ ಎದುರಾಗಿದ್ದು ಅನುಪಾತದ ಲೆಕ್ಕ. ದಖ್ಖನ್ ಕಾಲುವೆಗಳಲ್ಲಿ ಕಬ್ಬು ಬೆಳೆಯೋರೇ ಜಾಸ್ತಿ ನೀರು ಎಳ್ಕೊಳ್ತಿದ್ರು, ಉಳಿದವರಿಗೆ ಸಾಲ್ತಿರಲಿಲ್ಲ. 1899ರಲ್ಲಿ ವಿಶ್ವೇಶ್ವರಯ್ಯ ಬ್ಲಾಕ್ ಪದ್ಧತಿ ತಂದರು: ಗೊತ್ತುಮಾಡಿದ ಬ್ಲಾಕುಗಳಿಗೆ ಮಾತ್ರ ನೀರು, ಅದರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಷ್ಟೇ ಕಬ್ಬು, ವರ್ಷ ವರ್ಷ ಬೆಳೆ ಬದಲಾವಣೆ. ಈಗ ಒಂದು ಪ್ರಶ್ನೆ. ಕಬ್ಬಿನ ಜಮೀನು, ಬೇರೆ ಬೆಳೆಯ ಜಮೀನು 1:2 ಅನುಪಾತದಲ್ಲಿವೆ. ಕಬ್ಬಿಗೆ ಹೋಗೋ ನೀರು ಶೇಕಡಾ ಎಷ್ಟು? 33 ಅಂದ್ರೆ ಸಿಕ್ಕಿಬಿದ್ವಿ. ಅದು ಜಮೀನಿನ ಅನುಪಾತ, ನೀರಿನದ್ದಲ್ಲ. ಎಕರೆಗೆ ಬೇಕಾಗೋ ನೀರು 4:1 ಅಂತಲೂ ಕೊಟ್ರೆ ಮಾತ್ರ 4:2 ಆಗಿ, ಶೇ. 67 ಅನ್ನಬಹುದು.

ಶೇಕಡಾವಾರಿನ ಕಥೆ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದ್ದು. 1903ರಲ್ಲಿ ಅಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನ ಕೂರಿಸಿದರು. ಅಣೆಕಟ್ಟನ್ನ ಎತ್ತರಿಸದೆಯೇ ನೀರಿನ ಮಟ್ಟ ಸುಮಾರು 8 ಅಡಿ ಏರಿತು, ಸಂಗ್ರಹ ಸುಮಾರು ಶೇ. 25 ಹೆಚ್ಚಾಯ್ತು. ಹಾಗಾದ್ರೆ ಮೊದಲಿದ್ದ ಆಳ 32 ಅಡಿನಾ? ಜಲಾಶಯ ನೇರ ಗೋಡೆಯ ತೊಟ್ಟಿ ಆಗಿದ್ರೆ ಹೌದು. ಆದ್ರೆ ಅದು ಮೇಲಕ್ಕೆ ಹೋದಷ್ಟೂ ಅಗಲ ಆಗುತ್ತೆ; ಕೊನೆಯ 8 ಅಡಿ ಹಿಡಿಯೋ ನೀರು ಬುಡದ 8 ಅಡಿಗಿಂತ ಎಷ್ಟೋ ಜಾಸ್ತಿ. ಎರಡು ಹೇಳಿಕೆ ಸೇರಿದ್ರೂ ಸಾಲದು.

ಪರೀಕ್ಷೆಯಲ್ಲಾದ್ರೆ ಹೋಗೋದು ಒಂದು ಮಾರ್ಕು. ಹೈದರಾಬಾದಿನಲ್ಲಿ 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ಉಕ್ಕಿದಾಗ ಸಾವಿರಾರು ಜನರ ಜೀವ ಹೋಯ್ತು. ಬಾಂಬೆ ಕೆಲಸ ಬಿಟ್ಟು ವಿದೇಶದಲ್ಲಿದ್ದ ವಿಶ್ವೇಶ್ವರಯ್ಯರನ್ನ ನಿಜಾಮ್ ಸರ್ಕಾರ ಕರೆಸಿಕೊಂಡಿತು. ನಗರದ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದವು, 221 ಒಡೆದಿದ್ದವು. ಅಂದ್ರೆ ಶೇ. 28. ಲೆಕ್ಕ ಸರಿ, ಆದ್ರೆ ಇದರಿಂದ ಎಷ್ಟು ನೀರು ಬಂತು ಅಂತ ಹೇಳೋಕಾಗಲ್ಲ, ಒಂದೊಂದು ಕೆರೆಯ ಗಾತ್ರ ಒಂದೊಂದು. ಮುಂದೆ ಇನ್ನೂ ಜೋರು ಮಳೆ ಬರಬಹುದಾ ಅನ್ನೋದಂತೂ ಗೊತ್ತೇ ಆಗಲ್ಲ. ಹೈದರಾಬಾದಿನ ಮಳೆ ದಾಖಲೆಗಳಷ್ಟೇ ಸಾಲದೆ, ಅವರು ಸುತ್ತಲಿನ ಪ್ರಾಂತ್ಯಗಳ ಮಳೆ ಅಂಕಿಗಳನ್ನೂ ತರಿಸಿ ಹೋಲಿಸಿದರು. ಆಮೇಲೆ ನಗರದ ಮೇಲ್ಗಡೆ ಜಲಾಶಯಗಳನ್ನ ಕಟ್ಟಿ ನೆರೆ ತಡೆಯೋ ಯೋಜನೆ ಕೊಟ್ಟರು. ಮುಂದೆ ಮೂಸಿಗೆ ಉಸ್ಮಾನ್ ಸಾಗರ, ಈಸಿಗೆ ಹಿಮಾಯತ್ ಸಾಗರ ಬಂದವು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕೆಆರ್‌ಎಸ್, 1916ರ ಮೈಸೂರು ವಿಶ್ವವಿದ್ಯಾಲಯ, 1917ರ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲರಿಗೂ ಗೊತ್ತಿರೋದೇ. 1934ರಲ್ಲಿ ದೇಶಕ್ಕೇ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ತೀರಿಕೊಂಡರು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಇದೆ.

ಮುಂದಿನ ಸಲ ಇಂಥ ಪ್ರಶ್ನೆ ಬಂದಾಗ ಪೆನ್ ಎತ್ತೋ ಮುಂಚೆ ಎರಡು ವಿಷಯ ನೋಡಿ: ಶೇಕಡಾ ಯಾವುದರ ಮೇಲೆ? ಅನುಪಾತ ಯಾವುದಕ್ಕೂ ಯಾವುದಕ್ಕೂ? ನಾವು "ಸಾಲದು" ಅಂತ ಟಿಕ್ ಹಾಕಿ ಮುಂದೆ ಹೋಗ್ತೀವಿ, ಟೆಸ್ಟಿಗೆ ಅಷ್ಟು ಸಾಕು. ಸರ್ ಎಂ.ವಿ. ಮಾತ್ರ ಏನು ಸಾಲದೋ ಅದನ್ನ ಹುಡುಕಿ ತಂದು, ಆಮೇಲೆ ಕಟ್ಟೋ ಮಾತಾಡಿದರು.