ಮೊಲೊಕಾಯಿಯ ಫಾದರ್ ಡೇಮಿಯನ್

ಪೆಸಿಫಿಕ್ ಮಹಾಸಾಗರದ ನಡುವೆ, ಯಾವ ಭೂಖಂಡಕ್ಕೂ ಸಮೀಪವಲ್ಲದೆ, ಹವಾಯಿ ದ್ವೀಪಗಳು ಹರಡಿಕೊಂಡಿವೆ. ಅವುಗಳಲ್ಲಿ ಮೊಲೊಕಾಯಿ ಎಂಬುದೂ ಒಂದು. ಅದರ ಉತ್ತರ ದಂಡೆಯಲ್ಲಿ ಸಮುದ್ರದೊಳಕ್ಕೆ ನಾಲಗೆಯಂತೆ ಚಾಚಿಕೊಂಡ ಒಂದು ತುಂಡು ನೆಲವಿದೆ. ಅದರ ಮೂರು ಕಡೆಗಳಲ್ಲಿ ಅಬ್ಬರಿಸುವ ಕಡಲು. ನಾಲ್ಕನೆಯ ಕಡೆ ಸುಮಾರು 2,000 ಅಡಿ ಎತ್ತರಕ್ಕೆ ಗೋಡೆಯಂತೆ ನಿಂತ ಬೆಟ್ಟ. ನೋಡಲು ಬಹು ಸುಂದರವಾದ ಈ ಸ್ಥಳವನ್ನು ಪ್ರಕೃತಿಯೇ ಕಟ್ಟಿದ ಸೆರೆಮನೆಯೆನ್ನಬಹುದು. ಹವಾಯಿಯ ಅರಸೊತ್ತಿಗೆಯು ಅದನ್ನು ಆರಿಸಿಕೊಂಡುದೂ ಆ ಕಾರಣಕ್ಕಾಗಿಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊರನಾಡುಗಳ ಹಡಗುಗಳೊಡನೆ ಹೊಸ ಹೊಸ ರೋಗಗಳೂ ಹವಾಯಿಗೆ ಬಂದಿಳಿದವು. ಅವುಗಳಲ್ಲಿ ಕುಷ್ಠರೋಗವೂ ಒಂದು. ಆ ಕಾಲದಲ್ಲಿ ಅದಕ್ಕೆ ಯಾವ ಮದ್ದೂ ಇರಲಿಲ್ಲ; ಅದು ಹೇಗೆ ಹರಡುತ್ತದೆಂಬುದೂ ತಿಳಿದಿರಲಿಲ್ಲ. 1865ರಲ್ಲಿ ಐದನೆಯ ಕಮೆಹಮೆಹ ದೊರೆಯ ಆಳ್ವಿಕೆಯಲ್ಲಿ ರೋಗಿಗಳನ್ನು ಜನರಿಂದ ಬೇರ್ಪಡಿಸುವ ಕಾನೂನು ಜಾರಿಗೆ ಬಂದಿತು. ಮರುವರ್ಷದ ಜನವರಿಯಲ್ಲಿ ಹನ್ನೆರಡು ಮಂದಿ ರೋಗಿಗಳ ಮೊದಲ ತಂಡವನ್ನು ಮೊಲೊಕಾಯಿಯ ಕಲವಾವೊ ಎಂಬಲ್ಲಿ ಇಳಿಸಲಾಯಿತು. ತಾಯಿಯಿಂದ ಮಗು, ಗಂಡನಿಂದ ಹೆಂಡತಿ ಅಗಲಿದರು. ಹವಾಯಿಯ ಜನ ಆ ರೋಗವನ್ನೇ ಅಗಲಿಸುವ ರೋಗವೆಂದು ಕರೆದರು. ಕಾನೂನು ಮಾಡಿದವರನ್ನು ಬರಿದೆ ನಿಂದಿಸಲಾಗದು. ತಮ್ಮ ಜನಾಂಗವೇ ಅಳಿದುಹೋದೀತೆಂಬ ಭಯ ಅವರಿಗಿತ್ತು. ಆದರೆ ರೋಗಿಗಳು ಅಲ್ಲಿ ತಾವೇ ಬೇಸಾಯ ಮಾಡಿ ಹೊಟ್ಟೆ ಹೊರೆದುಕೊಳ್ಳಲೆಂದು ಅಧಿಕಾರಿಗಳು ಎಣಿಸಿದ್ದರು. ಬೆರಳುಗಳೇ ಸವೆದುಹೋದವರು ಗುದ್ದಲಿ ಹಿಡಿಯುವುದಾದರೂ ಹೇಗೆ? ಹುಲ್ಲಿನ ಗುಡಿಸಲು, ಸಾಲದ ಅನ್ನ, ದೂರದ ನೀರು, ವೈದ್ಯನಿಲ್ಲದ ಆಸ್ಪತ್ರೆ: ಇದು ಅವರ ಬಾಳಾಯಿತು. ಅಂತಹ ಸ್ಥಿತಿಯಲ್ಲಿಯೂ ಕೆಲವರು ರೋಗಿಗಳು ಕೂಡಿ ತಮ್ಮದೇ ಒಂದು ಪ್ರಾಟೆಸ್ಟೆಂಟ್ ಸಭೆಯನ್ನು ಕಟ್ಟಿಕೊಂಡಿದ್ದರೆಂಬುದನ್ನು ಮರೆಯಬಾರದು. ರೋಗವಿಲ್ಲದಿದ್ದರೂ ತಮ್ಮವರನ್ನು ಬಿಟ್ಟಿರಲಾರದೆ ಜೊತೆಯಲ್ಲಿ ಬಂದು ನೆಲೆಸಿದ ಬಂಧುಗಳೂ ಅಲ್ಲಿದ್ದರು.

ಈ ನೆಲಕ್ಕೆ ಅರ್ಧ ಭೂಮಂಡಲದಷ್ಟು ದೂರದ ಬೆಲ್ಜಿಯಂ ದೇಶದಲ್ಲಿ ಟ್ರೆಮೆಲೊ ಎಂಬ ಹಳ್ಳಿಯಿದೆ. ಅಲ್ಲಿ 1840ರ ಜನವರಿ 3ರಂದು ಜೋಸೆಫ್ ಡಿ ವೂಸ್ಟರ್ ಹುಟ್ಟಿದನು. ಅವನು ತಂದೆತಾಯಿಗಳಿಗೆ ಏಳನೆಯ ಮಗು. ತಂದೆ ಬೇಸಾಯಗಾರ, ಜೊತೆಗೆ ಧಾನ್ಯದ ವ್ಯಾಪಾರಿ. ತಾಯಿ ದೈವಭಕ್ತೆ, ಸಂಜೆಯ ಹೊತ್ತು ಒಂದು ದೊಡ್ಡ ಹಳೆಯ ಗ್ರಂಥವನ್ನು ತೆರೆದು ಮಕ್ಕಳಿಗೆ ಸಂತರ ಕಥೆಗಳನ್ನು ಓದಿ ಹೇಳುತ್ತಿದ್ದಳು. ಹುಡುಗನ ಮೈಕಟ್ಟು ದೃಢವಾದುದು. ಮರಗೆಲಸ, ಹೊಲದ ಕೆಲಸ ಎರಡರಲ್ಲಿಯೂ ಅವನ ಕೈ ಚುರುಕು. ವ್ಯಾಪಾರವನ್ನು ಇವನೇ ವಹಿಸಿಕೊಳ್ಳುವನೆಂದು ತಂದೆ ಆಶಿಸಿ ಫ್ರೆಂಚ್ ಕಲಿಯಲು ಪರವೂರಿಗೆ ಕಳುಹಿಸಿದನು. ಆದರೆ ಜೋಸೆಫನ ಮನಸ್ಸು ಬೇರೆಡೆಗೆ ಹರಿದಿತ್ತು. ಅವನ ಅಣ್ಣ ಆಗಲೇ ಲೂವೇನ್ ನಗರದಲ್ಲಿ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪಾಂಫಿಲ್ ಎಂಬ ಹೆಸರು ಪಡೆದಿದ್ದನು. 1859ರ ಜನವರಿಯಲ್ಲಿ, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ, ಜೋಸೆಫ್ ತಂದೆಯೊಡನೆ ಲೂವೇನಿಗೆ ಹೋದನು. ತಂದೆ ತನ್ನ ಕೆಲಸ ಮುಗಿಸಿಕೊಂಡು ಬರುವವರೆಗೆ ಅಣ್ಣನ ಜೊತೆ ಊಟ ಮಾಡುತ್ತಿರಲೆಂದು ಮಗನನ್ನು ಮಠದಲ್ಲಿ ಬಿಟ್ಟನು. ಸಂಜೆ ಕರೆದೊಯ್ಯಲು ಬಂದಾಗ, ತಾನು ಇನ್ನು ಮನೆಗೆ ಬರುವುದಿಲ್ಲವೆಂದು ಮಗ ತಿಳಿಸಿದನು. ತಂದೆ ಒಬ್ಬನೇ ಊರಿಗೆ ಮರಳಿದನು.

ಮಠದಲ್ಲಿ ಅವನಿಗೆ ಡೇಮಿಯನ್ ಎಂಬ ಹೆಸರು ಬಂದಿತು. ಪ್ರಾಚೀನ ಕಾಲದಲ್ಲಿ ಹಣ ಮುಟ್ಟದೆ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದನೆಂದು ಕ್ರೈಸ್ತರು ನೆನೆಯುವ ಒಬ್ಬ ವೈದ್ಯಸಂತನ ಹೆಸರದು. 1860ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಸನ್ಯಾಸದ ವ್ರತ ಸ್ವೀಕರಿಸಿದಾಗ, ಆ ಸಭೆಯ ಪದ್ಧತಿಯಂತೆ ಅವನನ್ನು ನೆಲದ ಮೇಲೆ ಮಲಗಿಸಿ, ಶವಕ್ಕೆ ಹೊದಿಸುವ ಕಪ್ಪು ವಸ್ತ್ರವನ್ನು ಮೇಲೆ ಹೊದಿಸಿದರು. ತನಗಾಗಿ ಬಾಳುವ ಮನುಷ್ಯ ಅಲ್ಲಿಗೆ ಸತ್ತನೆಂಬುದು ಆ ವಿಧಿಯ ಅರ್ಥ. ಅನೇಕರಿಗೆ ಅದೊಂದು ಆಚಾರ. ಇಪ್ಪತ್ತು ವರ್ಷದ ಡೇಮಿಯನ್ನನು ಮಾತ್ರ ಆ ಗಳಿಗೆಯನ್ನು ಕಡೆಯವರೆಗೂ ಮರೆಯಲಿಲ್ಲ.

1863ರಲ್ಲಿ ಪಾಂಫಿಲನನ್ನು ಹವಾಯಿಗೆ ಕಳುಹಿಸಲು ಸಭೆಯು ನಿರ್ಧರಿಸಿತು. ಪ್ರಯಾಣದ ಸಿದ್ಧತೆಯಾಗುತ್ತಿರುವಾಗಲೇ ಅವನು ಜ್ವರ ಹಿಡಿದು ಮಲಗಿದನು. ಅಣ್ಣನ ಬದಲು ತಾನು ಹೋಗುವೆನೆಂದು ಡೇಮಿಯನ್ ಹಟ ಹಿಡಿದನು. ಅವನಿಗೆ ಇನ್ನೂ ಗುರುದೀಕ್ಷೆಯಾಗಿರಲಿಲ್ಲ, ಓದೂ ಮುಗಿದಿರಲಿಲ್ಲ. ಲೂವೇನಿನ ಹಿರಿಯರನ್ನು ಕೇಳದೆ ಅವನು ನೇರವಾಗಿ ಪ್ಯಾರಿಸ್ಸಿನಲ್ಲಿದ್ದ ಸಭೆಯ ಮುಖ್ಯಸ್ಥನಿಗೇ ಪತ್ರ ಬರೆದು ಒಪ್ಪಿಗೆ ಪಡೆದನು. ಮೇಲಿನವರ ಮುನಿಸನ್ನು ಲೆಕ್ಕಿಸದ ಈ ಸ್ವಭಾವ ಮುಂದೆಯೂ ಅವನನ್ನು ಬಿಡಲಿಲ್ಲ. ನಾಲ್ಕು ತಿಂಗಳಿಗೂ ಮಿಕ್ಕ ಸಮುದ್ರಯಾನ ಮಾಡಿ ಅವನು 1864ರ ಮಾರ್ಚ್ 19ರಂದು ಹೊನೊಲುಲು ಬಂದರಿನಲ್ಲಿ ಇಳಿದನು. ಮೇ ತಿಂಗಳಲ್ಲಿ ಗುರುದೀಕ್ಷೆಯಾಯಿತು. ಅನಂತರ ಒಂಬತ್ತು ವರ್ಷಗಳ ಕಾಲ ಫಾದರ್ ಡೇಮಿಯನ್ನರು ಹವಾಯಿಯ ದೊಡ್ಡ ದ್ವೀಪದಲ್ಲಿ, ಬೆಟ್ಟ ಕಣಿವೆಗಳಲ್ಲಿ ಚದುರಿದ ಹಳ್ಳಿಗಳನ್ನು ಸುತ್ತುತ್ತ, ಜನರ ಭಾಷೆ ಕಲಿಯುತ್ತ, ತಮ್ಮ ಕೈಯಿಂದಲೇ ಮರ ಕೊಯ್ದು ಪ್ರಾರ್ಥನಾಮಂದಿರಗಳನ್ನು ಕಟ್ಟುತ್ತ ಕಳೆದರು. ತಮ್ಮ ಹಳ್ಳಿಗಳಿಂದ ಒಬ್ಬೊಬ್ಬರೇ ರೋಗಿಗಳನ್ನು ಹಿಡಿದು ಮೊಲೊಕಾಯಿಗೆ ಸಾಗಿಸುವುದನ್ನು ಅವರು ಕಣ್ಣಾರೆ ಕಂಡರು.

1873ರ ಮೇ ತಿಂಗಳಲ್ಲಿ ಮಾಯಿ ದ್ವೀಪದಲ್ಲಿ ಹೊಸ ಚರ್ಚೊಂದರ ಪ್ರತಿಷ್ಠೆಗೆ ಗುರುಗಳೆಲ್ಲ ಸೇರಿದ್ದರು. ಬಿಷಪ್ ಮೈಗ್ರೆ ಅವರು ಕಲವಾವೊದ ರೋಗಿಗಳ ಮಾತೆತ್ತಿದರು. ಅವರಿಗೆ ಒಬ್ಬ ಗುರು ಬೇಕು. ಆದರೆ ಯಾರಿಗೂ ಹೋಗೆಂದು ಆಜ್ಞೆ ಮಾಡಲು ಬಿಷಪ್ಪರಿಗೆ ಮನಸ್ಸು ಬರಲಿಲ್ಲ. ನಾಲ್ವರು ತಾವಾಗಿಯೇ ಮುಂದೆ ಬಂದರು. ಸರದಿಯ ಮೇಲೆ ಕೆಲವು ತಿಂಗಳಂತೆ ಒಬ್ಬೊಬ್ಬರು ಇರಲೆಂದು ಏರ್ಪಾಡಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ರೋಗಿಗಳನ್ನೂ ದನಗಳನ್ನೂ ಹೊತ್ತ ಹಡಗಿನಲ್ಲಿ ಅವರು ಬಿಷಪ್ಪರೊಡನೆ ಬಂದಿಳಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಇರಲು ಮನೆಯಿಲ್ಲದ್ದರಿಂದ, ಚಿಕ್ಕ ಚರ್ಚಿನ ಪಕ್ಕದಲ್ಲಿದ್ದ, ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರದ ಕೆಳಗೆ ಮಲಗಿದರು. ಕೆಲವೇ ದಿನಗಳಲ್ಲಿ, ತಮ್ಮನ್ನು ಇಲ್ಲಿಯೇ ಉಳಿಯಗೊಡಬೇಕೆಂದು ಮೇಲಿನವರಿಗೆ ಬರೆದರು. ಶವವಸ್ತ್ರದ ಕೆಳಗೆ ಒಮ್ಮೆ ಮಲಗಿ ಎದ್ದವನಿಗೆ ಈ ಸ್ಥಳದ ಭಯವೇಕೆಂಬುದು ಅವರ ವಿಚಾರ. ಸರದಿಯ ಏರ್ಪಾಡು ಅಲ್ಲಿಗೆ ನಿಂತಿತು.

ಹಾಗೆಂದು ಅವರಿಗೆ ಅಸಹ್ಯವೆಂಬುದೇ ಆಗಲಿಲ್ಲವೆಂದು ತಿಳಿಯಬಾರದು. ಮುಚ್ಚಿದ ಗುಡಿಸಲುಗಳಲ್ಲಿ ಕೊಳೆತ ಹುಣ್ಣುಗಳ ದುರ್ವಾಸನೆ ತಾಳಲಾರದೆ ಎಷ್ಟೋ ಸಲ ಮೂಗು ಹಿಡಿದು ಹೊರಗೆ ಓಡಬೇಕಾಗುತ್ತಿತ್ತು. ಬಟ್ಟೆಗೆ ಅಂಟುವ ಆ ವಾಸನೆಯನ್ನು ಮರೆಸಲೆಂದೇ ಅವರು ಹೊಗೆಸೊಪ್ಪಿನ ಚುಂಗಾಣಿ ಸೇದುವುದನ್ನು ರೂಢಿಸಿಕೊಂಡರು. ರೋಗಿಗಳಿಂದ ದೂರವಿರಬೇಕೆಂದು ಎಲ್ಲರೂ ಎಚ್ಚರಿಸಿದ್ದರು. ಆದರೆ ದೂರದಲ್ಲಿ ನಿಂತು ಪ್ರೀತಿಯನ್ನು ಬೋಧಿಸುವುದು ಹೇಗೆ? ಎಲ್ಲರೂ ಹೊಡೆದಟ್ಟುತ್ತಿದ್ದ ಕುಷ್ಠರೋಗಿಯನ್ನು ಯೇಸುಕ್ರಿಸ್ತನು ಕೈಚಾಚಿ ಮುಟ್ಟಿದನೆಂದು ಸುವಾರ್ತೆಯಲ್ಲಿದೆ. ಕಡೆಯ ಭೋಜನದ ರಾತ್ರಿ ಆತನು ಶಿಷ್ಯರ ಕಾಲು ತೊಳೆದನೆಂದೂ ಇದೆ. ಡೇಮಿಯನ್ನರು ಅದನ್ನು ಹಾಗೆಯೇ ತೆಗೆದುಕೊಂಡರು. ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದರು. ಕೆಸುವಿನ ಗಡ್ಡೆಯನ್ನು ಬೇಯಿಸಿ ಕುಟ್ಟಿ ಮಾಡುವ ಪೋಯಿ ಎಂಬ ಆಹಾರವನ್ನು ರೋಗಿಗಳೊಡನೆ ಒಂದೇ ಬೋಗುಣಿಯಲ್ಲಿ ಕೈಯದ್ದಿ ತಿಂದರು. ತಮ್ಮ ಚುಂಗಾಣಿಯನ್ನೂ ಅವರಿಗೆ ಕೊಟ್ಟರು. ಉಪದೇಶ ಮಾಡುವಾಗ ನೀವು ಎನ್ನದೆ ನಾವು ಎನ್ನುತ್ತಿದ್ದರು. ತಮಗೆ ರೋಗ ತಗುಲಿದ ಮೇಲೆ ಆ ಮಾತು ಬಂತೆಂಬ ಕಥೆಯೊಂದು ಪ್ರಚಾರದಲ್ಲಿದೆ. ನಿಜಕ್ಕೆ, ಮೈಯಲ್ಲಿ ರೋಗದ ಸುಳಿವೂ ಇಲ್ಲದ ಮೊದಲ ವರ್ಷದಲ್ಲಿಯೇ ಅವರು ಹಾಗೆ ಮಾತನಾಡುತ್ತಿದ್ದರು.

ಮಾಡಬೇಕಾದ ಕೆಲಸಕ್ಕೆ ಮಿತಿಯಿರಲಿಲ್ಲ. ಸತ್ತವರನ್ನು ಕಂಬಳಿಯಲ್ಲಿ ಸುತ್ತಿ ಆಳವಿಲ್ಲದ ಗುಂಡಿಯಲ್ಲಿ ಹೂಳುತ್ತಿದ್ದುದರಿಂದ ನಾಯಿ ಹಂದಿಗಳು ಅವನ್ನು ಕೆದಕುತ್ತಿದ್ದವು. ಡೇಮಿಯನ್ನರು ಸ್ಮಶಾನಕ್ಕೆ ಬೇಲಿ ಹಾಕಿದರು. ಗುಂಡಿಗಳನ್ನು ತಾವೇ ತೋಡಿದರು. ತಂದೆಯ ಮನೆಯಲ್ಲಿ ಕಲಿತ ಬಡಗಿಯ ಕೆಲಸವನ್ನು ಉಪಯೋಗಿಸಿ ನೂರಾರು ಶವಪೆಟ್ಟಿಗೆಗಳನ್ನು ಮಾಡಿದರು. ದೂರದಿಂದ ಡಬ್ಬಗಳಲ್ಲಿ ನೀರು ಹೊರಲಾರದೆ ರೋಗಿಗಳು ಮೈತೊಳೆಯುವುದನ್ನೇ ಬಿಟ್ಟಿದ್ದರು. ಬೆಟ್ಟದ ಕಣಿವೆಯಲ್ಲಿ ಎಂದೂ ಬತ್ತದ ತಣ್ಣೀರಿನ ಮಡುವೊಂದಿದೆಯೆಂದು ತಿಳಿದು, ಅಧಿಕಾರಿಗಳಿಂದ ಕೊಳವೆಗಳನ್ನು ತರಿಸಿ ಊರಿನ ಬಾಗಿಲಿಗೆ ನೀರು ಹರಿಸಲಾಯಿತು. 1874ರಲ್ಲಿ ಬಿರುಗಾಳಿ ಗುಡಿಸಲುಗಳನ್ನು ಕೆಡವಿದಾಗ ಅವರು ಹೊನೊಲುಲುವಿಗೆ ಪತ್ರದ ಮೇಲೆ ಪತ್ರ ಬರೆದು ಮರಮುಟ್ಟು ತರಿಸಿದರು. ನಡೆಯಬಲ್ಲ ರೋಗಿಗಳೇ ಕೆಲಸಕ್ಕೆ ನಿಂತರು. ನೆಲದಿಂದ ಎತ್ತರಿಸಿ ಕಟ್ಟಿದ, ಸುಣ್ಣ ಬಳಿದ ಮನೆಗಳು ಎದ್ದವು. ಮುಂದೆ ಹೂಗಿಡಗಳೂ ಕಾಣಿಸಿಕೊಂಡವು. ತಬ್ಬಲಿ ಮಕ್ಕಳಿಗಾಗಿ ಮನೆಗಳಾದವು. ವಾದ್ಯಮೇಳವೂ ಗಾಯಕರ ಗುಂಪೂ ಹುಟ್ಟಿದವು. ಆರ್ಗನ್ ನುಡಿಸುತ್ತಿದ್ದ ಇಬ್ಬರಿಗೂ ಸೇರಿ ಹತ್ತೇ ಬೆರಳುಗಳಿದ್ದುವೆಂದು ಹೇಳುತ್ತಾರೆ. ಸಾಯುವುದಕ್ಕಾಗಿ ತಂದಿಳಿಸಿದ್ದ ಜನ ಹಬ್ಬಕ್ಕೆ ಹಾಡು ಕಲಿಯತೊಡಗಿದ್ದರು.

ಸರ್ಕಾರದ ನಿಯಮಗಳು ಈ ನಡುವೆ ಬಿಗಿಯಾದವು. ಅಲ್ಲಿಗೆ ಹೋದವರು, ಗುರುವಾದರೂ ಸರಿ, ಹೊರಗೆ ಬರಬಾರದೆಂದು ಕಟ್ಟಳೆಯಾಯಿತು. ಕ್ಯಾಥೊಲಿಕ್ ಗುರುವು ಕಾಲಕಾಲಕ್ಕೆ ಇನ್ನೊಬ್ಬ ಗುರುವಿನ ಮುಂದೆ ತನ್ನ ಪಾಪಗಳನ್ನು ಗುಟ್ಟಾಗಿ ನಿವೇದಿಸಿಕೊಳ್ಳಬೇಕು. ಒಮ್ಮೆ ಸಭೆಯ ಹಿರಿಯರು ಅದಕ್ಕೆಂದೇ ಹಡಗಿನಲ್ಲಿ ಬಂದರು. ಕಪ್ತಾನನು ಅವರನ್ನು ಇಳಿಯಗೊಡಲಿಲ್ಲ; ಡೇಮಿಯನ್ನರನ್ನು ಹತ್ತಗೊಡಲಿಲ್ಲ. ಆಗ ಅವರು ಸಣ್ಣ ದೋಣಿಯಲ್ಲಿ ನಿಂತು, ಅಲೆಗಳ ಮೊರೆತದ ಮೇಲೆ ದನಿಯೆತ್ತಿ, ಹಡಗಿನ ಮೇಲಿದ್ದ ಹಿರಿಯರಿಗೆ ತಮ್ಮ ಪಾಪಗಳನ್ನು ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿದರು. ಅಲ್ಲಿಂದಲೇ ಕ್ಷಮೆಯ ಆಶೀರ್ವಾದವಾಯಿತು. ಹಡಗು ತಿರುಗಿಹೋಯಿತು. ಕೆಲವು ಕಾಲದ ಅನಂತರ ಆ ನಿಯಮ ಸಡಿಲಗೊಂಡರೂ, ಒಂಟಿತನವೇ ಅವರಿಗೆ ಎಲ್ಲಕ್ಕಿಂತ ಭಾರವಾಗಿ ಉಳಿಯಿತು. ದಿನವೂ ಬಲಿಪೂಜೆಯ ಪೀಠದ ಮುಂದೆ ಕುಳಿತು ಪಡೆಯುವ ಧೈರ್ಯವಿಲ್ಲದಿದ್ದರೆ ಇಲ್ಲಿ ಒಂದು ದಿನವೂ ನಿಲ್ಲಲಾರೆನೆಂಬ ಅರ್ಥದಲ್ಲಿ ಅವರು ಬರೆದುದುಂಟು.

1884ರ ಡಿಸೆಂಬರಿನಲ್ಲಿ ಒಂದು ಸಂಜೆ, ನಡೆದು ದಣಿದ ಕಾಲನ್ನು ಅವರು ಬಿಸಿನೀರಿನಲ್ಲಿ ಅದ್ದಿದರು. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಚರ್ಮದ ಮೇಲೆ ಬೊಕ್ಕೆಗಳೆದ್ದವು, ಆದರೆ ನೋವಾಗಲಿಲ್ಲ. ಇಷ್ಟು ವರ್ಷ ರೋಗಿಗಳನ್ನು ಉಪಚರಿಸಿದವರಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಮುಂದಿನ ವರ್ಷ ವೈದ್ಯರು ಪರೀಕ್ಷಿಸಿ ರೋಗವನ್ನು ಖಚಿತಪಡಿಸಿದರು. ಬೇರೊಬ್ಬರಾಗಿದ್ದರೆ ಅಲ್ಲಿಗೆ ಕೆಲಸ ನಿಲ್ಲುತ್ತಿತ್ತು. ಡೇಮಿಯನ್ನರು ಮಾತ್ರ ಉಳಿದ ಕಾಲ ಸ್ವಲ್ಪವೆಂದು ಅರಿತು ಇನ್ನೂ ಅವಸರದಿಂದ ಕಟ್ಟತೊಡಗಿದರು. ಚರ್ಚನ್ನು ವಿಸ್ತರಿಸಲು ತಾವೇ ಕಲ್ಲು, ಮರ ಹೊಂದಿಸಿದರು.

ಅವರೊಡನೆ ಹೊಂದಿಕೊಂಡು ಹೋಗುವುದು ಸುಲಭವಾಗಿರಲಿಲ್ಲ. ಮುಂಗೋಪ, ಹಟ, ತಾವು ಹೇಳಿದಂತೆಯೇ ಆಗಬೇಕೆಂಬ ಆತುರ ಅವರಲ್ಲಿದ್ದವು. ಅವರ ಸುದ್ದಿ ಹಬ್ಬಿ ಇಂಗ್ಲೆಂಡಿನಲ್ಲಿ ಒಬ್ಬ ಆಂಗ್ಲಿಕನ್ ಪಾದ್ರಿಯು ಹಣ ಕೂಡಿಸಿ ಕಳುಹಿಸಿದಾಗ, ತಮ್ಮ ಆಡಳಿತಕ್ಕೆ ಇದು ಕಳಂಕವೆಂದು ಮೇಲಿನವರು ಸಿಡುಕಿದರು. ಕೀರ್ತಿಯ ಆಸೆ ಇವರನ್ನು ಹಿಡಿದಿದೆಯೆಂದೂ ಶಂಕಿಸಿದರು. ರೋಗದಿಂದ ಬೇಯುತ್ತಿದ್ದ ಮನುಷ್ಯನಿಗೆ ಈ ಅಪನಂಬಿಕೆ ಬಹಳ ನೋವು ಕೊಟ್ಟಿತು. ಆದರೂ ಕಡೆಯ ವರ್ಷಗಳಲ್ಲಿ ನೆರವು ಬಂದಿತು. 1886ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ಜೋಸೆಫ್ ಡಟನ್ ಬಂದನು. 1931ರಲ್ಲಿ ತಾನು ಸಾಯುವವರೆಗೂ ರೋಗಿಗಳ ಸೇವೆಯನ್ನು ಬಿಡಲಿಲ್ಲ. 1888ರಲ್ಲಿ ಮದರ್ ಮೇರಿಯನ್ ಕೋಪ್ ಮತ್ತು ಅವರ ಸಹೋದರಿಯರು ಬಂದು ಹೆಣ್ಣುಮಕ್ಕಳ ಆರೈಕೆಯನ್ನು ವಹಿಸಿಕೊಂಡರು. ಅದೇ ವರ್ಷದ ಕೊನೆಗೆ ಎಡ್ವರ್ಡ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರನು, ಅಂಡಮಾನಿನಲ್ಲಿ ಈ ರೋಗಕ್ಕೆ ಬಳಸಿ ನೋಡಿದ್ದ ಗುರ್ಜನ್ ಎಣ್ಣೆಯನ್ನು ತಂದುಕೊಟ್ಟನು. ಅದರಿಂದ ಕೊಂಚ ಹಿತವೆನಿಸಿತೇ ಹೊರತು ರೋಗ ಹಿಂದೆಗೆಯಲಿಲ್ಲ.

1889ರ ಏಪ್ರಿಲ್ 15ರಂದು ಫಾದರ್ ಡೇಮಿಯನ್ನರು ಕಣ್ಮುಚ್ಚಿದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಮೊದಲ ರಾತ್ರಿಗಳನ್ನು ಕಳೆದ ಆ ಮರದ ಕೆಳಗೇ ಅವರನ್ನು ಮಣ್ಣುಮಾಡಿದರು. ಅವರು ಕೊಳಕರು, ಒರಟರು ಎಂದು ಹೊನೊಲುಲುವಿನ ಹೈಡ್ ಎಂಬ ಪಾದ್ರಿ ಬರೆದ ಪತ್ರವೊಂದು ಅಚ್ಚಾಯಿತು. ಅದೇ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ರೋಗಿಗಳನ್ನು ಕಂಡು ಮಾತನಾಡಿಸಿ ಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1890ರಲ್ಲಿ ಅದಕ್ಕೆ ಉಗ್ರವಾದ ಉತ್ತರ ಬರೆದನು. ಸ್ವಾರಸ್ಯವೆಂದರೆ, ಡೇಮಿಯನ್ನರ ದೋಷಗಳನ್ನು ಅವನು ಅಲ್ಲಗಳೆಯಲಿಲ್ಲ; ಅವರು ಅಲ್ಲಿಗೆ ಹೋದರು, ಉಳಿದವರು ಹೋಗಲಿಲ್ಲವೆಂಬುದನ್ನು ಮುಂದಿಟ್ಟನು. ಇತ್ತ ಲಂಡನ್ನಿನಲ್ಲಿ ಡೇಮಿಯನ್ನರ ನೆನಪಿಗಾಗಿ ಕುಷ್ಠರೋಗ ನಿಧಿಯೊಂದು ಹುಟ್ಟಿತು. ಆ ನಿಧಿ ಕಳುಹಿಸಿದ ಆಯೋಗವು 1890–91ರಲ್ಲಿ ನಮ್ಮ ದೇಶದಲ್ಲಿ ಸಂಚರಿಸಿ ರೋಗದ ಸ್ಥಿತಿಯನ್ನು ಪರಿಶೀಲಿಸಿತು.

ಡೇಮಿಯನ್ನರು ಮೊಲೊಕಾಯಿಗೆ ಕಾಲಿಟ್ಟ 1873ರಲ್ಲಿಯೇ ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಜೀವಾಣುವನ್ನು ಕಂಡುಹಿಡಿದಿದ್ದನು. ಆದರೆ ನಿಜವಾದ ಔಷಧ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. 1980ರ ದಶಕದಿಂದ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ. ಹೆಚ್ಚಿನ ಜನರಲ್ಲಿ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆಯೆಂದೂ ಈಗ ತಿಳಿದಿದೆ. ಹವಾಯಿಯ ಪ್ರತ್ಯೇಕತೆಯ ಕಾನೂನು 1969ರಲ್ಲಿ ರದ್ದಾಯಿತು. ಅಷ್ಟರೊಳಗೆ ಸುಮಾರು 8,000 ಮಂದಿಯನ್ನು ಅಲ್ಲಿಗೆ ಸಾಗಿಸಲಾಗಿತ್ತು. ಬಿಡುಗಡೆಯಾದ ಮೇಲೂ ಕೆಲವರು, ಅದೇ ತಮ್ಮ ಊರೆಂದು, ಅಲ್ಲಿಯೇ ಉಳಿದರು.

1936ರಲ್ಲಿ ಬೆಲ್ಜಿಯಂ ಸರ್ಕಾರವು ಡೇಮಿಯನ್ನರ ದೇಹವನ್ನು ತರಿಸಿಕೊಂಡು ಲೂವೇನಿನಲ್ಲಿ ಸಮಾಧಿ ಮಾಡಿತು. ತಮ್ಮವನನ್ನು ಒಯ್ಯುತ್ತಿದ್ದಾರೆಂದು ಕಲವಾವೊದ ಜನ ದುಃಖಿಸಿದರು. 1995ರಲ್ಲಿ ಎರಡನೆಯ ಪೋಪ್ ಜಾನ್ ಪಾಲರು ಅವರನ್ನು ಪುನೀತರೆಂದು ಸಾರಿದರು. 2009ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಅದೇ 1995ರಲ್ಲಿ, ಅವರ ಬಲಗೈಯ ಅವಶೇಷವನ್ನು ಹವಾಯಿಯ ಜನರಿಗೆ ಹಿಂದಕ್ಕೆ ಕೊಡಲಾಯಿತು. ಪಟ್ಟಿ ಕಟ್ಟಿದ, ಪೆಟ್ಟಿಗೆ ಹೆಣೆದ, ಒಂದೇ ಬೋಗುಣಿಯಲ್ಲಿ ಅದ್ದಿದ ಆ ಕೈಯನ್ನು ಅವರು ಕಲವಾವೊಗೆ ಒಯ್ದು, ಚರ್ಚಿನ ಪಕ್ಕದ ಹಳೆಯ ಸಮಾಧಿಯಲ್ಲಿ ಇಟ್ಟರು.