ತಿರುವಿಗೆ ಹೆಸರು ಕೊಟ್ಟ ಆಕರ್‌ಮನ್

ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯಲ್ಲಿ ತೇರು ಸಾಗುವುದನ್ನು ಕಂಡವರಿಗೆ ಗೊತ್ತು, ತೇರಿನ ಗಾಲಿಗಳು ಮುಂದಕ್ಕೆ ಉರುಳಬಲ್ಲವೇ ಹೊರತು ಪಕ್ಕಕ್ಕೆ ಹೊರಳಲಾರವು. ದಿಕ್ಕು ತಪ್ಪಿದಾಗ ಸನ್ನೆ ಹಾಕುವವರು ಗಾಲಿಗೆ ಮರದ ತುಂಡು ಕೊಟ್ಟು ತೇರನ್ನು ಹಾದಿಗೆ ತರಬೇಕು. ನಾಲ್ಕು ಗಾಲಿಯ ವಾಹನವನ್ನು ಕ್ಷೇಮವಾಗಿ ತಿರುಗಿಸುವುದು ಹೇಗೆಂಬ ಪ್ರಶ್ನೆ ಯುರೋಪಿನ ಸಾರೋಟು ತಯಾರಕರನ್ನೂ ಬಹುಕಾಲ ಕಾಡಿತ್ತು. ಅದರ ಉತ್ತರ ಇಂದು ರುಡಾಲ್ಫ್ ಆಕರ್‌ಮನ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಬಾಗಲಕೋಟೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆ ಈ ಹೆಸರು ಪರಿಚಿತ. ಆದರೆ ಆ ಉಪಾಯವನ್ನು ಕಂಡುಹಿಡಿದವರು ಆಕರ್‌ಮನ್ ಅಲ್ಲ!

ಆಕರ್‌ಮನ್ 1764ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಜನಿಸಿದರು. ತಂದೆ ಕುದುರೆಯ ಜೀನು ಹೊಲಿಯುವ ಕಸುಬಿನವರು. ಉನ್ನತ ವ್ಯಾಸಂಗಕ್ಕೆ ಹಣವಿಲ್ಲದೆ ಮಗನೂ ಅದೇ ಕಸುಬಿಗಿಳಿದರು. ಆದರೆ ಅವರ ಕೈ ಚರ್ಮಕ್ಕಿಂತ ರೇಖೆಗೆ ಹೆಚ್ಚು ಒಲಿದಿತ್ತು. ಸಾರೋಟುಗಳ ನಕ್ಷೆ ಬರೆಯುವುದನ್ನು ಕಲಿತು, ಪ್ಯಾರಿಸ್ ಮೊದಲಾದೆಡೆ ದುಡಿದು, 1787ರ ಸುಮಾರಿಗೆ ಲಂಡನ್ ಸೇರಿದರು. 1795ರಲ್ಲಿ ಅಲ್ಲಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಚಿತ್ರಗಳ ಅಂಗಡಿ ಹಾಗೂ ಚಿತ್ರಕಲಾ ಶಾಲೆ ತೆರೆದರು. 1806ರಲ್ಲಿ ನಡೆದ ನೌಕಾಧಿಪತಿ ನೆಲ್ಸನ್ ಅವರ ಅಂತ್ಯಯಾತ್ರೆಯ ರಥಕ್ಕೆ ವಿನ್ಯಾಸ ನೀಡಿದರು. 1809ರಲ್ಲಿ ಆರಂಭಿಸಿದ ‘ರಿಪಾಸಿಟರಿ ಆಫ್ ಆರ್ಟ್ಸ್’ ಎಂಬ ಸಚಿತ್ರ ಮಾಸಪತ್ರಿಕೆ ಅವರಿಗೆ ಅಪಾರ ಕೀರ್ತಿ ತಂದಿತು. ಯುದ್ಧದಿಂದ ನೊಂದ ಜರ್ಮನ್ ಜನರಿಗಾಗಿ ಇಂಗ್ಲೆಂಡಿನಲ್ಲಿ ನಿಧಿ ಸಂಗ್ರಹಿಸಿದವರಲ್ಲಿಯೂ ಅವರು ಪ್ರಮುಖರು.

ಅಂದಿನ ಸಾರೋಟುಗಳ ಮುಂದಿನ ಅಚ್ಚು ನಡುವಿನ ಒಂದು ಕೀಲಿನ ಮೇಲೆ ಇಡಿಯಾಗಿ ತಿರುಗುತ್ತಿತ್ತು. ತೀವ್ರ ತಿರುವಿನಲ್ಲಿ ಎರಡೂ ಗಾಲಿಗಳು ಗಾಡಿಯ ಅಡಿಗೆ ಸರಿದು, ಆಧಾರ ಕಿರಿದಾಗಿ ಸಾರೋಟು ಮಗುಚುತ್ತಿತ್ತು. ಮ್ಯೂನಿಕ್ಕಿನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ ಇದಕ್ಕೊಂದು ಪರಿಹಾರ ಕಂಡರು. ಅಚ್ಚನ್ನು ಕದಲಿಸದೆ, ಪ್ರತಿ ಗಾಲಿಯೂ ತನ್ನದೇ ಕೀಲಿನ ಮೇಲೆ ಹೊರಳುವಂತೆ ಮಾಡಿದರು. ಲಂಡನ್ನಿನಲ್ಲಿ ಅವರ ಪ್ರತಿನಿಧಿಯಾಗಿ 1818ರಲ್ಲಿ ಪೇಟೆಂಟ್ ಪಡೆದವರು ಆಕರ್‌ಮನ್. ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ ಅವರಿಗೆ ಇದಕ್ಕೂ ಸುಮಾರು 60 ವರ್ಷ ಮೊದಲೇ ಇಂಥದೇ ಯೋಚನೆ ಹೊಳೆದಿತ್ತು. ಆದರೆ ಅವರು ಪೇಟೆಂಟ್ ಪಡೆಯಲಿಲ್ಲ. ಕಾಗದದಲ್ಲಿ ಉಳಿದ ಹೆಸರೇ ಲೋಕದಲ್ಲಿಯೂ ಉಳಿಯಿತು.

ಲಂಡನ್ನಿನ ಸಾರೋಟು ತಯಾರಕರು ಹೊಸ ಅಚ್ಚಿಗೆ ಒಲಿಯಲಿಲ್ಲ. ಅದನ್ನು ಸಮರ್ಥಿಸಿ ಆಕರ್‌ಮನ್ 1819ರಲ್ಲಿ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರೂ ಫಲ ಸಿಗಲಿಲ್ಲ. 1834ರಲ್ಲಿ ಅವರು ತೀರಿಕೊಂಡಾಗ ಜನ ಸ್ಮರಿಸಿದ್ದು ಪ್ರಕಾಶಕ ಆಕರ್‌ಮನ್ ಅವರನ್ನು. ಗಾಲಿಯ ವಿಚಾರ ಮರಳಿ ಬೆಳಕಿಗೆ ಬಂದದ್ದು ಕುದುರೆಯಿಲ್ಲದ ಗಾಡಿಗಳು ಬಂದ ಮೇಲೆ. 1878ರಲ್ಲಿ ಫ್ರಾನ್ಸಿನ ಶಾರ್ಲ್ ಜಾಂಟೋ ಈ ಜೋಡಣೆಯ ಜ್ಯಾಮಿತಿಯನ್ನು ಸುಧಾರಿಸಿದರು. ಕಾರ್ಲ್ ಬೆಂಜ್ ಅವರ 1886ರ ಮೋಟಾರು ಗಾಡಿಗೆ ಇದ್ದದ್ದು ಮೂರೇ ಗಾಲಿ. ನಾಲ್ಕು ಗಾಲಿಯ ಗಾಡಿಗೆ ಒಪ್ಪುವ ಸ್ಟೀರಿಂಗ್ ಅವರ ಕೈಗೆ ದಕ್ಕಿದ್ದು 1893ರಲ್ಲಿ.

ತತ್ತ್ವ ಸರಳವಾಗಿದೆ. ತಿರುವಿನಲ್ಲಿ ಒಳಗಾಲಿ ಸಣ್ಣ ವೃತ್ತವನ್ನೂ ಹೊರಗಾಲಿ ದೊಡ್ಡ ವೃತ್ತವನ್ನೂ ಸುತ್ತುತ್ತವೆ. ಆದ್ದರಿಂದ ಒಳಗಾಲಿ ಹೆಚ್ಚು ಹೊರಳಬೇಕು. ಇಲ್ಲವಾದರೆ ಟೈರು ಉರುಳುವ ಬದಲು ಉಜ್ಜಿ ಸವೆಯುತ್ತದೆ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡವರು ಈ ಪಾಠವನ್ನು ಇಂದಿಗೂ ಕೈಯಾರೆ ಓದುತ್ತಾರೆ. ಉದಾಹರಣೆಗೆ 1962ರಿಂದ 1980ರವರೆಗೆ ತಯಾರಾದ ಟ್ರಯಂಫ್ ಸ್ಪಿಟ್‌ಫೈರ್. ನಮ್ಮ ಹಿರಿಯರು ಕಂಡ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಸೋದರ ಸಂಬಂಧಿ ಇದು. ಸುಮಾರು 25 ಅಡಿಯ ವೃತ್ತದಲ್ಲಿ ತಿರುಗುವುದು ಈ ಕುಟುಂಬದ ಹೆಗ್ಗಳಿಕೆ. ಗಾಲಿಯ ವಾಲಿಕೆಯನ್ನು ಕೆಳತೋಳಿನ ಬುಡದಲ್ಲಿ ತೆಳು ತಗಡುಗಳನ್ನಿಟ್ಟು ಸರಿಪಡಿಸಬಹುದು. ಎರಡು ಗಾಲಿಗಳ ಸಮಾಂತರವನ್ನು ಟೈ ರಾಡ್‌ಗಳ ಮರೆ ತಿರುಗಿಸಿ ಹೊಂದಿಸಬಹುದು. ಆದರೆ ಆಕರ್‌ಮನ್ ಕೋನವನ್ನು ತಿದ್ದಲು ಯಾವ ತಿರುಪೂ ಇಲ್ಲ. ಅದು ಸ್ಟೀರಿಂಗ್ ತೋಳಿನ ಆಕಾರದಲ್ಲಿಯೇ ಅಡಗಿದೆ. ಮೊದಲು ಸ್ಟೀರಿಂಗ್ ರ್‍ಯಾಕನ್ನು ನಟ್ಟನಡುವೆ ನಿಲ್ಲಿಸಿ, ಎರಡೂ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಬೇಕು. ಒಂದೇ ಕಡೆ ತಿರುಗಿಸಿದರೆ ಕಾರು ನೇರ ರಸ್ತೆಯಲ್ಲಿ ಸರಿಯಾಗಿ ಓಡುತ್ತದೆ, ತಿರುವಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬಗೆಯಾಗುತ್ತದೆ.

ಇಳಕಲ್ಲಿನ ಗ್ರಾನೈಟ್ ಹೊತ್ತು ಹುನಗುಂದದ ಕಡೆ ಸಾಗುವ ಲಾರಿಯ ಮುಂಗಾಲಿಗಳಲ್ಲಿಯೂ ಇದೇ ತತ್ತ್ವ ದುಡಿಯುತ್ತಿದೆ. ಪುಸ್ತಕಗಳಿಂದ ಉಳಿಯಬೇಕೆಂದು ಶ್ರಮಿಸಿದ ವ್ಯಕ್ತಿ ಗಾಲಿಯಿಂದ ಉಳಿದರು. ಗಾಲಿಗಾಗಿಯೇ ಶ್ರಮಿಸಿದ ಲಾಂಕೆನ್‌ಸ್ಪೆರ್ಗರ್ ಹೆಸರು ಮರೆಗೆ ಸರಿಯಿತು. ಆಕರ್‌ಮನ್ ಅವರನ್ನು ನೆನೆಯುವಾಗ ಮ್ಯೂನಿಕ್ಕಿನ ಆ ಕಸುಬುದಾರರನ್ನೂ ಜೊತೆಗೆ ನೆನೆಯುವುದು ನ್ಯಾಯ.